ಜರ್ಮನ್ ಸಿಲ್ವರ್‌ಗೆ ಲಂಬಾಣಿ ಹೆಸರೇಕೆ?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ನವಾಹೊ ಜನರ ಬೆಳ್ಳಿ ಸರದ ಚಿತ್ರ ಹಾಕಿ, ಕೆಳಗೆ ‘ಸಾವಿರಾರು ವರ್ಷಗಳ ಕಲೆ’ ಎಂದು ಬರೆದಿದ್ದೀರಿ. ಬೆಟಗೇರಿಯಲ್ಲಿ ನಲವತ್ತು ವರ್ಷ ಕುಲುಮೆ ಮುಂದೆ ಕೂತ ಪತ್ತಾರ (ಅಕ್ಕಸಾಲಿಗ) ನಾನು. ಇದೊಂದು ಮಾತು ತಿದ್ದಬೇಕು. ಆ ಸೀಮೆಯಲ್ಲಿ ನೀಲಿ-ಹಸಿರು ಫಿರೋಜಾ ಕಲ್ಲಿನ ಕೆಲಸ ಬಹಳ ಹಳೆಯದು, ಖರೆ. ಬೆಳ್ಳಿ ಕೆಲಸ ಮಾತ್ರ ಹತ್ತೊಂಬತ್ತನೇ ಶತಮಾನದ ನಡುವೆ ಮೆಕ್ಸಿಕೊ ಕಸಬುದಾರರಿಂದ ಬಂದದ್ದು. ಮೊದಲು ಕಲಿತವನು ಅತ್ಸಿದಿ ಸಾನಿ ಎನ್ನುತ್ತಾರೆ. ಆ ಹೆಸರಿನ ಅರ್ಥವೇ ‘ಮುದಿ ಕಮ್ಮಾರ’. ನಮ್ಮ ಓಣಿಯಲ್ಲಿ ‘ಪತ್ತಾರಜ್ಜ’ ಅಂದಹಾಗೆ. 1864ರಲ್ಲಿ ಅಮೆರಿಕದ ಸೈನ್ಯ ಆ ಜನರನ್ನು ನೂರಾರು ಮೈಲಿ ನಡೆಸಿ ಒಯ್ದು ಕೂಡಿಹಾಕಿತ್ತು. 1868ರಲ್ಲಿ ಊರಿಗೆ ಮರಳಿದ ಮೇಲೆ ಕಸಬು ಹಬ್ಬಿತು. ಬೆಳ್ಳಿ ಎಲ್ಲಿಂದ? ಡಾಲರ್, ಪೆಸೊ ನಾಣ್ಯಗಳನ್ನೇ ಮೂಸೆಗೆ ಹಾಕಿದರು. ನಮ್ಮಜ್ಜನೂ ವಿಕ್ಟೋರಿಯಾ ರಾಣಿಯ ರೂಪಾಯಿ ಕರಗಿಸಿ ಲಿಂಗದ ಕರಡಿಗೆ ಮಾಡಿದವನೇ. ತೊಲೆ ತೂಕದ ಆ ರೂಪಾಯಿಯಲ್ಲಿ 12ಕ್ಕೆ 11 ಪಾಲು ಬೆಳ್ಳಿ.

ಅಮೆರಿಕದ ಫೀನಿಕ್ಸ್ ಊರಿನಲ್ಲಿರುವ ನಮ್ಮ ಅಳಿಯ ನವಾಹೊ ಕಡಗವೊಂದನ್ನು ತಂದಿದ್ದಾನೆ. ಕಲ್ಲಿನ ಸುತ್ತ ತೆಳು ತಗಡಿನ ಗೋಡೆ ಎಬ್ಬಿಸಿ, ಅಂಚನ್ನು ಒಳಕ್ಕೆ ಒತ್ತಿ ಕೂರಿಸಿದ್ದಾರೆ. ಒಂದು ಕಡೆ ಟಾಕಾ, ಅಂದರೆ ಬೆಸುಗೆ, ತುಸು ಹೆಚ್ಚಿಗೆ ಹರಿದಿದೆ (ನನ್ನ ಶಿಷ್ಯ ಹೀಗೆ ಮಾಡಿದ್ದರೆ ಬೈಯುತ್ತಿದ್ದೆ). ಒಳಮೈಗೆ ಮಾಡಿದವನ ಗುರುತು, ಪಕ್ಕದಲ್ಲಿ ‘ಸ್ಟರ್ಲಿಂಗ್’ ಮುದ್ರೆ, ಅಂದರೆ 1000ಕ್ಕೆ 925 ಪಾಲು ಬೆಳ್ಳಿ.

ಇಷ್ಟೆಲ್ಲ ಬರೆಯಲು ಕಾರಣ ಒಂದು ಗೆಜ್ಜೆ. ಪಕ್ಕದ ಮನೆಯ ಹುಡುಗಿ ಹುಬ್ಬಳ್ಳಿಯ ಪ್ರದರ್ಶನವೊಂದರಲ್ಲಿ ‘ಅಸಲಿ ಲಂಬಾಣಿ ಬೆಳ್ಳಿ’ ಎಂದು 1,800 ರೂಪಾಯಿ ಕೊಟ್ಟು ತಂದಿದ್ದಳು. ಒಂದು ಗುಂಡು ಕಳಚಿತ್ತು, ಬೆಸೆದು ಕೊಡಿರಿ ಕಾಕಾ ಅಂದಳು. ಅರದಿಂದ ತುಸು ತಿಕ್ಕಿ ತೇಜಾಬಿನ (ಆಮ್ಲದ) ಹನಿ ಬಿಟ್ಟೆ. ಹಸಿರು ನೊರೆ ಬಂತು. ಜರ್ಮನ್ ಸಿಲ್ವರ್! ತಾಮ್ರ, ನಿಕ್ಕಲ್, ಸತುವು. ಬೆಳ್ಳಿಯ ಸುಳಿವೂ ಇಲ್ಲ. ನೋಡಿದರೆ ಅಚ್ಚಿನ ಮಾಲು. ಯಾವ ತಾಂಡಾದ ಕೈಯೂ ತಾಗಿರಲಿಕ್ಕಿಲ್ಲ.

ಅಗ್ಗದ್ದನ್ನು ಮಾರಬಾರದು ಎನ್ನುತ್ತಿಲ್ಲ. 1899ರ ಸುಮಾರಿಗೆ ಅಮೆರಿಕದಲ್ಲಿ ರೈಲು ದಾರಿಯ ಹೋಟೆಲು ನಡೆಸುತ್ತಿದ್ದ ಫ್ರೆಡ್ ಹಾರ್ವಿ ಕಂಪನಿ ರೈಲು ಪ್ರವಾಸಿಗರಿಗಾಗಿ ಹಗುರ ಒಡವೆ ಬೇಕೆಂದಿತು, ನವಾಹೊಗಳು ಹಗುರ ಮಾಡಿಕೊಟ್ಟರು. ಗಿರಾಕಿ ಕೇಳಿದರೆ ನಾವೂ ಮಾಡುತ್ತೇವೆ. ಹಗುರ ಬೇರೆ, ಸುಳ್ಳು ಬೇರೆ. ಅಲ್ಲಿ 1990ರ ಕಾಯ್ದೆಯ ಪ್ರಕಾರ, ಮೂಲನಿವಾಸಿಗಳು ಮಾಡಿದ್ದೆಂದು ಸುಳ್ಳು ಹೇಳಿ ಮಾರಿದವನಿಗೆ ಮೊದಲ ಸಲಕ್ಕೇ 5 ವರ್ಷದವರೆಗೆ ಸೆರೆ, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ. ಅದರಿಂದ ನಕಲಿ ಪೂರ್ತಿ ನಿಂತಿಲ್ಲ, ಆದರೆ ಹಿಡಿದು ಕೇಳಲು ದಾರಿಯಿದೆ.

ನಮ್ಮಲ್ಲಿ ಅಷ್ಟು ದೊಡ್ಡದೇನೂ ಬೇಡ. ಪ್ರದರ್ಶನಕ್ಕೆ ಜಾಗ ಕೊಡುವವರು ಒಂದು ಷರತ್ತು ಹಾಕಲಿ: ಲೋಹ ಯಾವುದು, ಮಾಡಿದವರು ಯಾವ ಊರಿನವರು, ಎರಡನ್ನೂ ರಶೀದಿಯಲ್ಲಿ ಕನ್ನಡದಲ್ಲೇ ಬರೆಯಬೇಕು. ಆ ಹುಡುಗಿಯ ರಶೀದಿಯಲ್ಲಿ ಇದ್ದದ್ದು ‘ಫ್ಯಾನ್ಸಿ ಐಟಂ — 1’ ಅಷ್ಟೇ.

— ಒಬ್ಬ ಪತ್ತಾರ, ಗದಗ-ಬೆಟಗೇರಿ