ಹಳೆಯ ಕಾರಿಗೆ ಯಾವ ಆಯಿಲ್: ಸರ್ವಿಸ್ ಪದ್ಧತಿಯಲ್ಲಿ ಬದಲಾವಣೆ

ಮಾನ್ಯ ಗ್ರಾಹಕರೇ,

ಹತ್ತು ವರ್ಷ ದಾಟಿದ ಪೆಟ್ರೋಲ್ ಕಾರುಗಳಿಗೆ ನಮ್ಮಲ್ಲಿ ಇದುವರೆಗೆ ಸಾಮಾನ್ಯವಾಗಿ 20ಡಬ್ಲ್ಯೂ-50 ಆಯಿಲ್ ಹಾಕಲಾಗುತ್ತಿತ್ತು. ಬರುವ ತಿಂಗಳಿನಿಂದ ಈ ಪದ್ಧತಿ ಇರುವುದಿಲ್ಲ. ಕಾರಿನ ಕೈಪಿಡಿಯಲ್ಲಿ ಯಾವ ಗ್ರೇಡ್ ಹೇಳಿದೆಯೋ ಅದನ್ನೇ ಹಾಕುತ್ತೇವೆ. ಎಂಜಿನ್ ಪರೀಕ್ಷಿಸಿದ ಮೇಲೆ ಅಗತ್ಯ ಕಂಡರೆ ಮಾತ್ರ ಒಂದು ಮೆಟ್ಟಿಲು ದಪ್ಪನೆಯ ಆಯಿಲ್ ಹಾಕೋಣ ಎಂದು ಸೂಚಿಸುತ್ತೇವೆ. ಇದರಿಂದ ನೀವು ಕಾಯುವ ಸಮಯವೂ ಬಿಲ್ಲೂ ಸ್ವಲ್ಪ ಬದಲಾಗುತ್ತವೆ. ಹಾಗಾಗಿ ಈ ಪತ್ರ.

"ಗಾಡಿ ಹಳೇದಾಯ್ತು, ಗಟ್ಟಿ ಆಯಿಲ್ ಹಾಕಿ" ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಡಬ್ಬದ ಮೇಲಿನ ಅಂಕಿಗಳಿಗೂ ಕಾರಿನ ವಯಸ್ಸಿಗೂ ಸಂಬಂಧವಿಲ್ಲ. ಡಬ್ಲ್ಯೂ ಅಕ್ಷರಕ್ಕೆ ಮೊದಲು ಬರುವ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದರ ಗುರುತು, ಕಡಿಮೆಯಿದ್ದಷ್ಟೂ ಸಲೀಸು. ಅಕ್ಷರದ ನಂತರದ್ದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಉಳಿಯುವ ದಪ್ಪ. ಆ ಬಿಸಿಯಲ್ಲಿ 30 ಗ್ರೇಡ್ 9.3ರಿಂದ 12.5 ಸೆಂಟಿಸ್ಟೋಕ್ಸ್ (ದಪ್ಪ ಅಳೆಯುವ ಮಾನ) ಒಳಗಿರುತ್ತದೆ, 40 ಗ್ರೇಡ್ 16.3ರವರೆಗೆ, 50 ಗ್ರೇಡ್ 21.9ರವರೆಗೆ. ಅಂದರೆ 30ಕ್ಕೆಂದೇ ಮಾಡಿದ ಎಂಜಿನ್ನಿಗೆ 50 ಹಾಕಿದರೆ ಸುಮಾರು ಎರಡು ಪಟ್ಟು ದಪ್ಪದ ಆಯಿಲನ್ನು ಅದೇ ಸಣ್ಣ ದಾರಿಗಳಲ್ಲಿ ತಳ್ಳಬೇಕಾಗುತ್ತದೆ.

ತೊಂದರೆ ಮೊದಲು ಕಾಣುವುದು ಬೆಳಗಿನ ಸ್ಟಾರ್ಟಿನಲ್ಲಿ. ಆಯಿಲ್ ಮೇಲಿನ ಹೆಡ್ ತಲುಪುವುದು ತಡವಾಗಿ ಆಯಿಲ್ ಒತ್ತಡದಿಂದ ಕೆಲಸ ಮಾಡುವ, ವಾಲ್ವ್ ಒತ್ತುವ ಹೈಡ್ರಾಲಿಕ್ ಟ್ಯಾಪೆಟ್‌ಗಳು ಟಕಟಕ ಎನ್ನುತ್ತವೆ. ವಾಲ್ವ್ ಟೈಮಿಂಗ್ ಬದಲಿಸುವ ವ್ಯವಸ್ಥೆಯಿದ್ದರೆ ಅದು ನಿಧಾನವಾಗಿ, ಕೆಲವೊಮ್ಮೆ ಎಂಜಿನ್ ಲೈಟೂ ಹತ್ತುತ್ತದೆ. ಟರ್ಬೊ ಇರುವ ಕಾರಿನಲ್ಲಿ ಅದರ ಬೇರಿಂಗಿಗೂ ಆಯಿಲ್ ತಡವಾಗಿ ತಲುಪುತ್ತದೆ. ಮೀಟರಿನಲ್ಲಿ ಪ್ರೆಶರ್ ಜಾಸ್ತಿ ಕಂಡರೆ ಸಮಾಧಾನ ಪಡುವವರಿದ್ದಾರೆ. ಆದರೆ ದಪ್ಪ ಆಯಿಲಿಗೆ ಹೆಚ್ಚಿದ ಪ್ರೆಶರ್ ಇಳಿಸುವ ಪಂಪಿನ ರಿಲೀಫ್ ವಾಲ್ವ್ ಬೇಗ ತೆರೆದು ಒಂದಷ್ಟು ಆಯಿಲ್ ಬೇರಿಂಗಿಗೆ ಹೋಗದೆ ವಾಪಸಾಗುತ್ತದೆ. ಮುಳ್ಳು ಮೇಲಿದ್ದ ಮಾತ್ರಕ್ಕೆ ಆಯಿಲ್ ಚೆನ್ನಾಗಿ ಹರಿಯುತ್ತಿದೆ ಎಂದು ತಿಳಿಯಬೇಡಿ.

ಕಾರ್ಬ್ಯುರೇಟರ್ ಕಾಲದ ಕಾರುಗಳ ವಿಷಯ ಬೇರೆ. ಅವುಗಳ ಕೈಪಿಡಿಯಲ್ಲೇ 20ಡಬ್ಲ್ಯೂ-50 ಅಥವಾ 15ಡಬ್ಲ್ಯೂ-40 ಇದ್ದರೆ ಅದೇ ಮುಂದುವರಿಯುತ್ತದೆ. ಇಂಥ ಹಲವು ಎಂಜಿನ್‌ಗಳಲ್ಲಿ ಕ್ಯಾಮ್ ನೇರವಾಗಿ ಚಪ್ಪಟೆ ಟ್ಯಾಪೆಟ್ ಮೇಲೆ ಉಜ್ಜುತ್ತದೆ. ಆ ಸವೆತ ತಡೆಯುವುದು ಆಯಿಲಿನಲ್ಲಿರುವ ಸತು-ರಂಜಕದ ಸಂಯುಕ್ತ. ರಂಜಕ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆಂದು 2004ರಲ್ಲಿ ಬಂದ ಎಪಿಐ (ಆಯಿಲಿನ ಗುಣಮಟ್ಟದ ದರ್ಜೆ ನಿಗದಿ ಮಾಡುವ ಅಮೆರಿಕದ ಸಂಸ್ಥೆ) ಎಸ್‌ಎಂ ದರ್ಜೆಯಿಂದೀಚೆಗೆ 5ಡಬ್ಲ್ಯೂ-30, 10ಡಬ್ಲ್ಯೂ-30ರಂಥ ತೆಳು ಗ್ರೇಡುಗಳಲ್ಲಿ ಅದನ್ನು ಶೇ. 0.08ಕ್ಕೆ ಮಿತಿಗೊಳಿಸಿದ್ದಾರೆ. ಆದ್ದರಿಂದ ಹೊಸ ಕಾರಿನ ದುಬಾರಿ ತೆಳು ಆಯಿಲ್ ತಂದು ಇಂಥ ಎಂಜಿನ್ನಿಗೆ ಸುರಿಯಬೇಡಿ. ಇಂಜೆಕ್ಷನ್ ಬಂದ ನಂತರದ ಹೆಚ್ಚಿನ ಕಾರುಗಳಿಗೆ ಈ ಚಿಂತೆಯಿಲ್ಲ. ಕೈಪಿಡಿ ಹಳೆಯ ದರ್ಜೆಯಾದ ಎಸ್‌ಜೆ ಎಂದಿದ್ದರೂ ಎಸ್‌ಎನ್ ಅಥವಾ ಎಸ್‌ಪಿ ಆಗುತ್ತದೆ.

ಗ್ರೇಡ್ ಏರಿಸುವ ಮೊದಲು ನಾವು ನೋಡುವುದು ಆಯಿಲ್ ಎಷ್ಟು ಖರ್ಚಾಗುತ್ತಿದೆ ಎಂದು. ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಯವರೆಗೆ ತುಂಬಿಸಿಕೊಂಡು 1000 ಕಿಲೋಮೀಟರ್ ಓಡಿಸಿ ಬನ್ನಿ. ಅರ್ಧ ಲೀಟರಿಗಿಂತ ಹೆಚ್ಚು ಇಳಿದಿದ್ದರೆ ಮೊದಲು ಸೋರಿಕೆ ಹಾಗೂ ಎಂಜಿನ್ನಿನ ತಳದಲ್ಲಿ ಸೇರುವ ಅನಿಲವನ್ನು ಗಾಳಿಯ ದಾರಿಗೆ ಬಿಡುವ ಪಿಸಿವಿ ವಾಲ್ವ್ ನೋಡುತ್ತೇವೆ. ಆ ವಾಲ್ವ್ ಕಟ್ಟಿದ್ದರೆ ಯಾವ ಗ್ರೇಡ್ ಹಾಕಿದರೂ ಆಯಿಲ್ ಉರಿಯುತ್ತಲೇ ಇರುತ್ತದೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಬಾರಿ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್ ಸವೆದಿದೆ ಎಂದೂ, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್ ಎಂದೂ ಅನುಮಾನಿಸುತ್ತೇವೆ. ಆಮೇಲೆ ಪ್ರೆಶರ್. ಮೀಟರಿಗೆ ಪ್ರೆಶರ್ ತಿಳಿಸುವ ಸೆಂಡರ್ ತೆಗೆದು ಆ ಜಾಗಕ್ಕೆ ಗೇಜ್ ಜೋಡಿಸಿ ಎಂಜಿನ್ ಪೂರ್ತಿ ಬಿಸಿಯಿರುವಾಗ ಅಳೆದು ಕೈಪಿಡಿಯ ಅಂಕಿಯೊಂದಿಗೆ ಹೋಲಿಸುತ್ತೇವೆ. ಅಂಕಿ ಸಿಗದಿದ್ದರೆ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಎಂಬ ಗ್ಯಾರೇಜಿನ ಹಳೆಯ ಲೆಕ್ಕ, ಅದೂ ಅಂದಾಜಿಗಷ್ಟೇ.

ಇದೆಲ್ಲ ನೋಡಿದ ಮೇಲೂ ಸವೆತವೇ ಕಾರಣವೆನಿಸಿದರೆ 5ಡಬ್ಲ್ಯೂ-30 ಇದ್ದಲ್ಲಿ 5ಡಬ್ಲ್ಯೂ-40 ಅಥವಾ 10ಡಬ್ಲ್ಯೂ-40ಕ್ಕೆ ಹೋಗುತ್ತೇವೆ, ನೇರ 50ಕ್ಕಲ್ಲ. ಅದು ರಿಪೇರಿಯಲ್ಲ, ರಿಪೇರಿಯನ್ನು ಸ್ವಲ್ಪ ಮುಂದಕ್ಕೆ ಹಾಕುವ ದಾರಿ. ಬೇರಿಂಗ್ ಸದ್ದು ಮಾಡತೊಡಗಿದ್ದರೆ ದಪ್ಪ ಆಯಿಲ್ ಹಾಕಿ ಅದನ್ನು ಮುಚ್ಚಿಡುವ ಕೆಲಸ ನಾವು ಮಾಡುವುದಿಲ್ಲ.

ದಪ್ಪದಿಂದ ಕೈಪಿಡಿಯ ಗ್ರೇಡಿಗೆ ಮರಳುವಾಗ ಮೊದಲ ಬದಲಾವಣೆ 3000 ಕಿಲೋಮೀಟರಿಗೇ, ಫಿಲ್ಟರ್ ಸಮೇತ. ಹಳೆಯ ಕೊಳೆ ನಿಧಾನವಾಗಿ ಕರಗಿ ಬರಲಿ ಎಂದು ಹೀಗೆ. ಹೆಚ್ಚು ಕೊಳೆ ಕಟ್ಟಿದ ಎಂಜಿನ್ನಿಗೆ ಫ್ಲಶ್ ದ್ರವ ಬಳಸುವುದಿಲ್ಲ. ಒಮ್ಮೆಲೇ ಕಳಚಿದ ಗಡ್ಡೆಗಳು ಸಂಪಿನ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಯ) ಜಾಲರಿಗೆ ಮೆತ್ತಿಕೊಂಡರೆ ಪಂಪಿಗೆ ಆಯಿಲೇ ಸಿಗುವುದಿಲ್ಲ. ಹಿಂದೆ ದಪ್ಪ ಆಯಿಲಿನಡಿ ಅಡಗಿದ್ದ ಸೀಲ್ ಸೋರಿಕೆ ಈಗ ಹನಿಯಾಗಿ ಕಾಣಬಹುದು. ಕಂಡರೆ ತಿಳಿಸಿ, ಸೀಲ್ ಬದಲಿಸುವುದೇ ಸರಿ. ಡೀಸೆಲ್ ಕಾರುಗಳ ಪದ್ಧತಿಯಲ್ಲಿ ಸದ್ಯ ಬದಲಾವಣೆಯಿಲ್ಲ.

ಸರ್ವಿಸ್‌ಗೆ ಬರುವಾಗ ಕೈಪಿಡಿ ತನ್ನಿ. ಕಳೆದುಹೋಗಿದ್ದರೆ ಎಂಜಿನ್ ಕೋಡ್ ನೋಡಿ ನಾವೇ ಹುಡುಕುತ್ತೇವೆ. ತಪಾಸಣೆಗೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. ಹಾಕಿದ ಗ್ರೇಡ್, ದರ್ಜೆ, ಲೀಟರ್ ಮತ್ತು ಕಿಲೋಮೀಟರ್ ಬರೆದ ಚೀಟಿಯನ್ನು ಬಾನೆಟ್ ಕೆಳಗೆ ಅಂಟಿಸಿರುತ್ತೇವೆ. ನಡುವೆ ಟಾಪ್‌ಅಪ್ ಬೇಕಾದರೆ ಆ ಚೀಟಿ ನೋಡಿ. ಸಮತಟ್ಟಾದ ಜಾಗದಲ್ಲಿ ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಅಳೆಯಿರಿ. ಎಷ್ಟೋ ಕಾರುಗಳಲ್ಲಿ ಎರಡು ಗೆರೆಗಳ ನಡುವೆ ಸುಮಾರು ಒಂದು ಲೀಟರ್ ಇರುತ್ತದೆ, ಒಮ್ಮೆಗೆ ಕಾಲು ಲೀಟರಿನಂತೆ ಹಾಕಿ ನೋಡುತ್ತಾ ಹೋಗಿ. ದಾರಿಯಲ್ಲಿ ಅದೇ ಗ್ರೇಡ್ ಸಿಗದಿದ್ದರೆ ಹತ್ತಿರದ ಇನ್ನೊಂದನ್ನು ಹಾಕಿ. ಕಡಿಮೆ ಆಯಿಲಿನಲ್ಲಿ ಓಡಿಸುವುದಕ್ಕಿಂತ ಅದು ಎಷ್ಟೋ ವಾಸಿ.

ಈಗ ಎಂಜಿನ್ನಿನಲ್ಲಿರುವ ಆಯಿಲನ್ನು ಇದಕ್ಕಾಗಿ ಬೇಗ ಬದಲಿಸಬೇಕಿಲ್ಲ. ಮುಂದಿನ ಸರ್ವಿಸ್ ಸಮಯಕ್ಕೇ ಬಂದರಾಯಿತು.

ಇಂತಿ,
ಸರ್ವಿಸ್ ವಿಭಾಗ