ಸ್ಕಾಲರ್‌ಶಿಪ್ ಕೆಲಸ ದ್ವಿತೀಯ ಪಿಯುನಲ್ಲೇ ಶುರುವಾಗಲಿ

ಮಾನ್ಯರೆ,

ಡಿಗ್ರಿಗೆ ಸೇರಿದ ಮೇಲೆ ಸ್ಕಾಲರ್‌ಶಿಪ್ ಅರ್ಜಿ ಹಾಕಿದರಾಯಿತು ಎಂದು ದ್ವಿತೀಯ ಪಿಯು ಮಕ್ಕಳೂ ಅವರ ಮನೆಯವರೂ ಅಂದುಕೊಂಡಿರುತ್ತಾರೆ. ಅರ್ಜಿ ತುಂಬಲು ಅರ್ಧ ಗಂಟೆ ಸಾಕು, ನಿಜ. ಆದರೆ ಅದು ನಿಲ್ಲುವುದು ಆಧಾರ್, ಬ್ಯಾಂಕ್ ಖಾತೆ, ಜಾತಿ–ಆದಾಯ ಪ್ರಮಾಣಪತ್ರಗಳ ಮೇಲೆ. ಇವುಗಳಲ್ಲಿ ಒಂದೇ ಒಂದು ತಪ್ಪಿದ್ದರೂ ಸರಿಪಡಿಸಲು ವಾರಗಟ್ಟಲೆ ಓಡಾಡಬೇಕು, ಅಷ್ಟರಲ್ಲಿ ಕೊನೆಯ ದಿನಾಂಕ ದಾಟಿರುತ್ತದೆ. ಅಂಕವೂ ಅರ್ಹತೆಯೂ ಇದ್ದ ಮಕ್ಕಳಿಗೆ ಹಣ ಕೈತಪ್ಪುವುದು ಹೆಚ್ಚಾಗಿ ಇಲ್ಲೇ. ಆದ್ದರಿಂದ ಈ ದಾಖಲೆಗಳ ತಪಾಸಣೆ ಡಿಸೆಂಬರ್, ಜನವರಿಯಲ್ಲೇ, ಪಿಯು ಕಾಲೇಜಿನೊಳಗೇ ನಡೆಯಬೇಕು ಎಂಬುದು ನಮ್ಮ ಒತ್ತಾಯ.

ಮೊದಲು ಬ್ಯಾಂಕ್ ಖಾತೆಯ ವಿಷಯ. 'ನಮ್ಮ ಖಾತೆಗೆ ಆಧಾರ್ ಲಿಂಕ್ ಆಗಿದೆ' ಎಂದು ಎಲ್ಲರೂ ಹೇಳುತ್ತಾರೆ. ಬ್ಯಾಂಕಿನವರು ಕೆವೈಸಿಗಾಗಿ (ಗ್ರಾಹಕರ ಗುರುತಿನ ಪರಿಶೀಲನೆಗಾಗಿ) ಆಧಾರ್ ಪ್ರತಿ ಪಡೆದಿರುವುದು ಬೇರೆ, ಬ್ಯಾಂಕುಗಳ ನಡುವಿನ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆ ಖಾತೆ ಆಧಾರ್‌ಗೆ ಸೀಡ್ ಆಗಿರುವುದು (ಜೋಡಣೆಯಾಗಿರುವುದು) ಬೇರೆ. ನೇರ ನಗದು ವರ್ಗಾವಣೆಯ (ಡಿಬಿಟಿ) ಹಣ ಹೋಗುವುದು ಸೀಡ್ ಆದ ಖಾತೆಗೆ ಮಾತ್ರ. ಒಬ್ಬರಿಗೆ ನಾಲ್ಕು ಖಾತೆ ಇದ್ದರೂ ಸೀಡ್ ಆಗುವುದು ಒಂದೇ, ಕೊನೆಯದಾಗಿ ಯಾವುದನ್ನು ಸೀಡ್ ಮಾಡಿಸಿದ್ದಾರೋ ಅದು. ಸಿಮ್ ಕೊಳ್ಳುವಾಗ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಸ್ಕಾಲರ್‌ಶಿಪ್ ಹಣ ಹೋಗಿ ಕೂತಿರುವುದು, ಪಾಸ್‌ಬುಕ್ ಹಿಡಿದು ಇನ್ನೊಂದು ಬ್ಯಾಂಕಿನ ಮುಂದೆ ಮಕ್ಕಳು ನಿಲ್ಲುವುದು ಹೀಗೇ ಆಗುವುದು. ಆಧಾರ್ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ನೋಡಿದರೆ ಯಾವ ಬ್ಯಾಂಕ್, ಸಕ್ರಿಯವೋ ಇಲ್ಲವೋ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರಬೇಕು. ನಂಬರ್ ಬದಲಾಗಿದ್ದರೆ ಮೊದಲು ಅದನ್ನು ಆಧಾರ್‌ನಲ್ಲಿ ತಿದ್ದಿಸಲೇಬೇಕು.

ಸೀಡ್ ಆದ ಖಾತೆಯೂ ಜೀವಂತವಾಗಿರಬೇಕು. ಹೈಸ್ಕೂಲಿನಲ್ಲಿ ತೆರೆದು ಎರಡು ವರ್ಷ ವ್ಯವಹಾರ ಮಾಡದೆ ಬಿಟ್ಟ ಖಾತೆ ನಿಷ್ಕ್ರಿಯವಾಗಿರಬಹುದು. ಪೂರ್ಣ ಕೆವೈಸಿ ಇಲ್ಲದೆ ತೆರೆದ ಸಣ್ಣ ಖಾತೆಯಾದರೆ ವರ್ಷಕ್ಕೆ ಒಟ್ಟು 1 ಲಕ್ಷ ರೂಪಾಯಿಗಿಂತ ಹೆಚ್ಚು ಜಮೆಯಾಗುವಂತಿಲ್ಲ, ಯಾವಾಗಲೂ 50 ಸಾವಿರಕ್ಕಿಂತ ಹೆಚ್ಚು ಉಳಿಕೆ ಇರುವಂತಿಲ್ಲ. ಸರ್ಕಾರಿ ನೆರವಿನ ಹಣಕ್ಕೆ ಉಳಿಕೆಯ ಮಿತಿಯಲ್ಲಿ ವಿನಾಯಿತಿ ಇದ್ದರೂ, ದೊಡ್ಡ ಮೊತ್ತದ ಸ್ಕಾಲರ್‌ಶಿಪ್ ಬಂದಾಗ ಅಂಥ ಖಾತೆಯಲ್ಲಿ ತೊಡಕಾಗಬಹುದು. ಹೊಸ ಕೆವೈಸಿ ಕೊಟ್ಟು, ನೂರು ರೂಪಾಯಿ ಹಾಕಿ ತೆಗೆದರೆ ಆ ಗೊಂದಲ ಮುಗಿಯಿತು.

ಇನ್ನು ಹೆಸರು. ನಮ್ಮಲ್ಲಿ ಇನಿಶಿಯಲ್ ಹಿಂದೆಯೋ ಮುಂದೆಯೋ ಎಂಬುದು ಬರೆಯುವವರ ಇಷ್ಟ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಕೆ', ಆಧಾರ್‌ನಲ್ಲಿ ಬರೀ 'ಮಂಜುನಾಥ್', ಪ್ರಮಾಣಪತ್ರದಲ್ಲಿ ತಂದೆಯ ಪೂರ್ಣ ಹೆಸರು ಸೇರಿಕೊಂಡಿರುತ್ತದೆ. ಮನುಷ್ಯರು ಮೂವರೂ ಒಬ್ಬನೇ ಎಂದು ಒಪ್ಪುತ್ತಾರೆ, ಕಂಪ್ಯೂಟರ್ ಒಪ್ಪುವುದಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೇ ಮೂಲವೆಂದು ಹಿಡಿದು ಉಳಿದವನ್ನು ಅದಕ್ಕೆ ಹೊಂದಿಸುವುದು ಸುಲಭದ ದಾರಿ. ಆದರೆ ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಬಹುದು. ಅವಸರದಲ್ಲಿ ತಪ್ಪು ತಿದ್ದಿಸಿ ಆ ಅವಕಾಶ ಕಳೆದುಕೊಳ್ಳಬೇಡಿ. 15 ವರ್ಷ ತುಂಬಿದ ಮೇಲೆ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಕಡ್ಡಾಯವಾಗಿ ನವೀಕರಿಸಬೇಕು, 17ರೊಳಗೆ ಮಾಡಿಸಿದರೆ ಶುಲ್ಕವಿಲ್ಲ. ಇದನ್ನು ಬಿಟ್ಟವರಿಗೆ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನ (ಎನ್‌ಎಸ್‌ಪಿ) ಒಂದು ಬಾರಿಯ ನೋಂದಣಿಯಲ್ಲಿ ಮುಖ ಗುರುತಿಸುವ ಹಂತದಲ್ಲೇ ತೊಡಕಾಗಬಹುದು.

ಜಾತಿ–ಆದಾಯ ಪ್ರಮಾಣಪತ್ರದಲ್ಲಿ ಮುಖ್ಯವಾದದ್ದು ಅದರ ಮೇಲಿರುವ ಗುರುತಿನ ಸಂಖ್ಯೆ, ಅಂದರೆ ಆರ್‌ಡಿ ನಂಬರ್. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ (ಎಸ್‌ಎಸ್‌ಪಿ) ಈ ನಂಬರಿನಿಂದಲೇ ನಾಡಕಚೇರಿಯ ದಾಖಲೆಯನ್ನು ಎಳೆದುಕೊಳ್ಳುತ್ತದೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಆಯಸ್ಸು. ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಪದವಿಯ ಮೊದಲ ವರ್ಷದಲ್ಲಿ, ಸರಿಯಾಗಿ ಬೇಕಾದ ಹೊತ್ತಿಗೇ ಮುಗಿಯುತ್ತದೆ. ಇಂದೇ ಹೊರತೆಗೆದು ದಿನಾಂಕ ನೋಡಿ. ಫಲಿತಾಂಶ ಬಂದ ಮೇಲೆ ಹೋದರೆ ನಾಡಕಚೇರಿ ಮುಂದೆ ಇಡೀ ಹೋಬಳಿಯೇ ಸಾಲುಗಟ್ಟಿರುತ್ತದೆ.

ಈಗ ಎಲ್ಲಿ, ಯಾವುದಕ್ಕೆ ಅರ್ಜಿ ಹಾಕಬೇಕು ಎಂಬ ಮಾತು. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಹಾಸ್ಟೆಲ್ ಸಿಗದೆ ಊರು ಬಿಟ್ಟು ಓದುವ ಹಿಂದುಳಿದ ವರ್ಗದವರ ವಿದ್ಯಾಸಿರಿ, ಎಲ್ಲವೂ ಎಸ್‌ಎಸ್‌ಪಿಯಲ್ಲೇ. ಪಿಯುನಲ್ಲಿ ಅರ್ಜಿ ಹಾಕಿದ್ದರೆ ಅದೇ ಐಡಿಯಲ್ಲಿ ಮುಂದುವರಿಯಬೇಕು. ಆ ಐಡಿ ಸೈಬರ್ ಸೆಂಟರ್‌ನವರ ಮೊಬೈಲ್ ನಂಬರಿನಲ್ಲಿ ಇದ್ದರೆ ಈಗಲೇ ಬದಲಿಸಿಕೊಳ್ಳಿ, ಪಾಸ್‌ವರ್ಡ್ ನೋಟ್‌ಬುಕ್ಕಿನಲ್ಲಿ ಬರೆದಿಡಿ. 'ಸಬ್ಮಿಟ್' ಒತ್ತಿದೊಡನೆ ಕೆಲಸ ಮುಗಿಯುವುದಿಲ್ಲ. ಕಾಲೇಜಿನ ಇ-ದೃಢೀಕರಣ ಅಧಿಕಾರಿ ದಾಖಲೆಗಳನ್ನು ದೃಢೀಕರಿಸಬೇಕು. ಎನ್‌ಎಸ್‌ಪಿಯಲ್ಲಾದರೆ ಕಾಲೇಜಿನ ನೋಡಲ್ ಅಧಿಕಾರಿ ತಮ್ಮ ಲಾಗಿನ್‌ನಲ್ಲಿ ಪರಿಶೀಲಿಸದ ಅರ್ಜಿ ಅಲ್ಲಿಗೇ ಸತ್ತಂತೆ. ಪ್ರಿಂಟ್ ತೆಗೆದು ಫೈಲಿಗೆ ಹಾಕಿಟ್ಟು ವರ್ಷವಿಡೀ ಕಾಯುವವರಿದ್ದಾರೆ. ವಾರಕ್ಕೊಮ್ಮೆ ಸ್ಟೇಟಸ್ ನೋಡಿ, ಕಾಲೇಜು ಕಚೇರಿಗೆ ಹೋಗಿ ಕೇಳಿ. ಮಂಜೂರಾದ ಮೇಲೆ ಹಣ ಯಾವ ಬ್ಯಾಂಕಿಗೆ ಹೋಯಿತೆಂದು 'ಡಿಬಿಟಿ ಕರ್ನಾಟಕ' ಆ್ಯಪ್ ತೋರಿಸುತ್ತದೆ.

ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಕೇಂದ್ರ ವಲಯದ ವಿದ್ಯಾರ್ಥಿವೇತನದ ಬಗ್ಗೆ. ದೇಶದಲ್ಲಿ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿಗಳಿಗೆ, ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ ಕೊಡುವ ಯೋಜನೆ ಇದು. ಪದವಿಯ ಮೂರು ವರ್ಷ ತಲಾ 12,000, ಸ್ನಾತಕೋತ್ತರದಲ್ಲಿ ತಲಾ 20,000 ರೂಪಾಯಿ. ಜಾತಿಯ ಷರತ್ತಿಲ್ಲ, ಕುಟುಂಬದ ಆದಾಯ 4.5 ಲಕ್ಷದೊಳಗಿರಬೇಕು. ಷರತ್ತಿನಲ್ಲಿರುವುದು '80 ಪರ್ಸೆಂಟೈಲ್', 80 ಪರ್ಸೆಂಟ್ ಅಲ್ಲ. ಅಂದರೆ ಅದೇ ಬೋರ್ಡಿನಲ್ಲಿ, ಅದೇ ವಿಭಾಗದಲ್ಲಿ ಮೇಲಿನ ಐದನೇ ಒಂದು ಭಾಗದೊಳಗೆ ಇರಬೇಕು. ಕಲಾ ವಿಭಾಗದ ಲೆಕ್ಕ ಕಲಾ ವಿಭಾಗದ ಮಕ್ಕಳ ನಡುವೆಯೇ. ಹಾಗಾಗಿ 78 ಪರ್ಸೆಂಟ್ ಬಂದ ಕಲಾ ವಿದ್ಯಾರ್ಥಿನಿ 'ನನಗಿಲ್ಲ' ಎಂದು ಸುಮ್ಮನಾಗಬಾರದು, ಬೋರ್ಡ್ ಪ್ರಕಟಿಸುವ ಆ ವರ್ಷದ ಕಟ್‌ಆಫ್ ನೋಡಿಯೇ ತೀರ್ಮಾನಿಸಬೇಕು. ವಿಜ್ಞಾನ, ವಾಣಿಜ್ಯ, ಕಲೆಗೆ 3:2:1ರಂತೆ ಹಂಚಿಕೆ ಇರುವುದರಿಂದ ಕಲಾ ವಿಭಾಗಕ್ಕೆ ಜಾಗ ಇದ್ದೇ ಇದೆ. ನವೀಕರಣಕ್ಕೆ ಶೇ 50 ಅಂಕ, ಶೇ 75 ಹಾಜರಾತಿ ಬೇಕು. ಇದನ್ನು ಪಡೆಯುವವರು ಬೇರೆ ಸ್ಕಾಲರ್‌ಶಿಪ್ ತೆಗೆದುಕೊಳ್ಳುವಂತಿಲ್ಲ. ಶುಲ್ಕ ಕಡಿಮೆ ಇರುವ ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಓದುವವರಿಗೆ ಈ 12,000 ಹೆಚ್ಚು ಲಾಭ. ಭಾರಿ ಶುಲ್ಕದ ವೃತ್ತಿಪರ ಕೋರ್ಸಿಗೆ ಸೇರಿದ ಪರಿಶಿಷ್ಟ ವಿದ್ಯಾರ್ಥಿಗೆ ಎಸ್‌ಎಸ್‌ಪಿಯ ಶುಲ್ಕ ಮರುಪಾವತಿಯೇ ಮೇಲು. ಅಲ್ಲಿ ಆದಾಯ ಮಿತಿ 2.5 ಲಕ್ಷ, ಮ್ಯಾನೇಜ್‌ಮೆಂಟ್ ಸೀಟಿಗೆ ಅನ್ವಯಿಸುವುದಿಲ್ಲ ಎಂಬುದು ನೆನಪಿರಲಿ. ಶುಲ್ಕದ ಹಣ ವಿದ್ಯಾರ್ಥಿಯ ಖಾತೆಗೇ ಬಂದರೆ ಅದನ್ನು ಕಾಲೇಜಿಗೆ ಕಟ್ಟಬೇಕು. ಖರ್ಚು ಮಾಡಿಕೊಂಡವರು ಅಂಕಪಟ್ಟಿ ಪಡೆಯುವ ಹೊತ್ತಿಗೆ ಪರದಾಡುತ್ತಾರೆ.

ಎಂಜಿನಿಯರಿಂಗ್ ಕಡೆ ಹೊರಟವರು ಸಿಇಟಿ ಅರ್ಜಿಯಲ್ಲೇ ಒಂದು ಅಂಕಣ ಗಮನಿಸಬೇಕು: ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ). ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ 5ರಷ್ಟು ಸೀಟು, ಬೋಧನಾ ಶುಲ್ಕ ಪೂರ್ತಿ ಮಾಫಿ. ಆದಾಯ ಮಿತಿ 8 ಲಕ್ಷ, ಹಾಗಾಗಿ ಯಾವ ಸ್ಕಾಲರ್‌ಶಿಪ್‌ಗೂ ಸಲ್ಲದ ಮಧ್ಯಮ ವರ್ಗದ ಮಕ್ಕಳಿಗೂ ಇದು ಸಲ್ಲುತ್ತದೆ. ಆರ್‌ಡಿ ನಂಬರ್ ಕೈಯಲ್ಲಿಲ್ಲವೆಂದು ಆ ಅಂಕಣ ಖಾಲಿ ಬಿಟ್ಟವರ ನಷ್ಟ ನಾಲ್ಕು ವರ್ಷದ್ದು. ಈ ಸೀಟು ಪಡೆದವರು ಮುಂದೆ ಕಾಲೇಜು, ಕೋರ್ಸು ಬದಲಿಸುವಂತಿಲ್ಲ. ವಿಶ್ವವಿದ್ಯಾಲಯದ ಶುಲ್ಕ, ಪರೀಕ್ಷಾ ಶುಲ್ಕ ಇತ್ಯಾದಿ ಕಟ್ಟಲೇಬೇಕು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಮಾನ್ಯತೆಯ ಕೋರ್ಸಿನ ಮೊದಲ ವರ್ಷಕ್ಕೆ ಸೇರುವ ಹೆಣ್ಣುಮಕ್ಕಳಿಗೆ 'ಪ್ರಗತಿ' ವಿದ್ಯಾರ್ಥಿವೇತನದ ವರ್ಷಕ್ಕೆ 50,000 ರೂಪಾಯಿ ಇದೆ, ಒಂದು ಕುಟುಂಬದ ಇಬ್ಬರಿಗೆ ಸಿಗುತ್ತದೆ.

ಯಾರೂ ಹೇಳದೆ ಹೋಗುವ ಎರಡು ಸಂಗತಿ ಸೇರಿಸುತ್ತೇವೆ. ಪರಿಶಿಷ್ಟ ವಿದ್ಯಾರ್ಥಿಗಳು ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ದ್ವಿತೀಯ ಪಿಯು ಮುಗಿಸಿದರೆ ಸಮಾಜ ಕಲ್ಯಾಣ ಇಲಾಖೆಯ 20,000 ರೂಪಾಯಿ ಪ್ರೋತ್ಸಾಹಧನವಿದೆ. ಇದು ವಿದ್ಯಾರ್ಥಿವೇತನವಲ್ಲ, ಅರ್ಜಿಯೂ ಬೇರೆ. ಎಸ್‌ಎಸ್‌ಎಲ್‌ಸಿ, ಪಿಯು ಎರಡನ್ನೂ ಸರ್ಕಾರಿ ಶಾಲೆ–ಕಾಲೇಜಿನಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ರಾಜ್ಯದಲ್ಲಿ 2025ರಿಂದ 'ದೀಪಿಕಾ' ಎಂಬ ಹೆಸರು. ಎರಡರಲ್ಲಿ ಒಂದನ್ನು ಅನುದಾನಿತ ಸಂಸ್ಥೆಯಲ್ಲಿ ಓದಿದ್ದರೆ ಸಿಗುವುದಿಲ್ಲ. ಅರ್ಜಿಗೆ ಹಣವಿಲ್ಲ, ಹಣ ಕೇಳಿದವರು ಮೋಸಗಾರರೆಂದೇ ತಿಳಿಯಿರಿ.

ಇಷ್ಟರ ಮೇಲೂ ಸಾಲ ಬೇಕಾದರೆ, ಸೀಟು ಒಪ್ಪಿಕೊಳ್ಳುವ ಮುನ್ನವೇ ಕೇಂದ್ರದ ಶಿಕ್ಷಣ ಸಾಲ ಯೋಜನೆಯಾದ ಪಿಎಂ ವಿದ್ಯಾಲಕ್ಷ್ಮಿಯ ಪಟ್ಟಿಯಲ್ಲಿ ಆ ಕಾಲೇಜು ಇದೆಯೇ ನೋಡಬೇಕು. ಪಟ್ಟಿಯಲ್ಲಿದ್ದರೆ ಅಡಮಾನ, ಜಾಮೀನು ಕೇಳುವಂತಿಲ್ಲ. ಓದುವ ಅವಧಿಯ ಬಡ್ಡಿಯಲ್ಲಿ ರಿಯಾಯಿತಿ ಸಿಗುವುದು ಆದಾಯ 8 ಲಕ್ಷದೊಳಗಿದ್ದವರಿಗೆ. ರಿಯಾಯಿತಿ ಇಲ್ಲದವರಿಗೆ ಓದುವಾಗಲೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಶಾಲಾ ಶಿಕ್ಷಣ (ಪದವಿಪೂರ್ವ) ಇಲಾಖೆಗೆ ನಮ್ಮ ಮನವಿ ಇಷ್ಟು. ಜನವರಿಯಲ್ಲಿ ಎರಡು ದಿನ ಪ್ರತಿ ಕಾಲೇಜಿನಲ್ಲಿ ಪ್ರತಿ ದ್ವಿತೀಯ ಪಿಯು ವಿದ್ಯಾರ್ಥಿಯ ಸೀಡಿಂಗ್ ಸ್ಥಿತಿ, ಆಧಾರ್–ಅಂಕಪಟ್ಟಿ ಹೆಸರು, ಬಯೊಮೆಟ್ರಿಕ್ ನವೀಕರಣ, ಆರ್‌ಡಿ ನಂಬರಿನ ಅವಧಿ, ಎಸ್‌ಎಸ್‌ಪಿ ಐಡಿಯ ಮೊಬೈಲ್ ನಂಬರ್, ಈ ಐದನ್ನು ನೋಡಿ ಒಂದು ಹಾಳೆಯಲ್ಲಿ ಗುರುತು ಹಾಕಿ ಕೊಡಲಿ. ಒಬ್ಬರಿಗೆ ಹತ್ತು ನಿಮಿಷ ಸಾಕು. ತಪ್ಪಿದ್ದವರಿಗೆ ಸರಿಪಡಿಸಿಕೊಳ್ಳಲು ಪರೀಕ್ಷೆ ಮುಗಿದ ಮೇಲಿನ ರಜೆ ಇದೆ. ಆ ಹಾಳೆ ಹಿಡಿದು ಹೋದ ಮಗುವನ್ನು ಬ್ಯಾಂಕಿನವರೂ ನಾಡಕಚೇರಿಯವರೂ 'ನಾಳೆ ಬಾ' ಎಂದು ಕಳಿಸುವುದು ಕಷ್ಟ.

– ಸರ್ಕಾರಿ ಪದವಿಪೂರ್ವ ಕಾಲೇಜುಗಳ ಕೆಲವು ಉಪನ್ಯಾಸಕರು, ತುಮಕೂರು ಜಿಲ್ಲೆ