ಯಾನ್ ಯಿಂಗ್ ಅಳಲಿ, ಭಾಷಣ ಬೇಡ

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ಹಸ್ತಪ್ರತಿ ಓದಿದೆ. ಕಾಗುಣಿತ, ಅಧ್ಯಾಯಗಳ ಉದ್ದ, ಪ್ರಕಾಶಕರ ಚಿಂತೆ ಎಲ್ಲ ಆಮೇಲಿರಲಿ. ನನ್ನ ತಕರಾರು ಒಂದೇ: ಮಂತ್ರಿ ಯಾನ್ ಯಿಂಗ್ ಬಾಯಲ್ಲಿ ನೀನು ಆಡಿಸಿದ ದೇಶಭಕ್ತಿಯ ಭಾಷಣ. ಅದನ್ನು ಪೂರ್ತಿ ತೆಗೆ.

ಕ್ರಿ.ಪೂ. 548, ಪ್ರಾಚೀನ ಚೀನಾದ ಚೀ ರಾಜ್ಯ. ದೊರೆ ಜುವಾಂಗ್ ತನ್ನ ಮಂತ್ರಿ ಚ್ವೇ ಝುವಿನ ಹೆಂಡತಿಯ ಬೆನ್ನುಬಿದ್ದು, ಆ ಮಂತ್ರಿಯ ಮನೆಯಲ್ಲೇ ಕೊಲೆಯಾದ. ಯಾನ್ ಯಿಂಗ್ ಬಾಗಿಲಾಚೆ ನಿಂತಿದ್ದಾನೆ. ದೊರೆಯ ಜೊತೆ ಸಾಯುತ್ತೀರಾ ಎಂದು ಅವನ ಕಡೆಯವರು ಕೇಳಿದರೆ, 'ಅವನು ನನಗೊಬ್ಬನಿಗೇ ದೊರೆಯೇ?' ಎನ್ನುತ್ತಾನೆ. ಓಡಿಹೋಗುತ್ತೀರಾ ಎಂದರೆ, 'ತಪ್ಪೇನು ನನ್ನದೇ?' ಎನ್ನುತ್ತಾನೆ. ದೊರೆ ನಾಡಿನ ಮಣ್ಣು-ಧಾನ್ಯದ ಪೂಜಾಪೀಠಗಳಿಗಾಗಿ, ಎಂದರೆ ನಾಡಿಗಾಗಿ, ಸತ್ತರೆ ಮಂತ್ರಿಯೂ ಸಾಯಬೇಕು. ತನ್ನ ಸ್ವಂತಕ್ಕೆ ಸತ್ತರೆ ಅವನ ಖಾಸಾ ಆಪ್ತರು ಬೇಕಾದರೆ ಸಾಯಲಿ. ಇದು ಅವನ ನಿಲುವು. ಬಾಗಿಲು ತೆರೆದಾಗ ಒಳಹೋಗಿ, ಹೆಣವನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಾನೆ. ಎದ್ದು, ಶೋಕವಿಧಿಯಂತೆ ಮೂರು ಸಲ ಕುಪ್ಪಳಿಸಿ ಹೊರಬರುತ್ತಾನೆ.

ಆ ಕುಪ್ಪಳಿಕೆಯನ್ನು ಯಾಕೆ ಬಿಟ್ಟೆ? ಓದುಗರು ನಗುತ್ತಾರೆಂದೇ? ದೃಶ್ಯದ ಜೀವವೇ ಅಲ್ಲಿದೆ. ಸತ್ತ ದೊರೆಗೆ ಸಲ್ಲಬೇಕಾದಷ್ಟನ್ನು ಅವನು ಸಲ್ಲಿಸಿದ, ಗುಲಗಂಜಿಯಷ್ಟೂ ಹೆಚ್ಚಿಲ್ಲ. ನಿನ್ನ ಭಾಷಣ ಆ ಲೆಕ್ಕವನ್ನೇ ಕೆಡಿಸುತ್ತದೆ.

ಐತಿಹಾಸಿಕ ಕಾದಂಬರಿಗಳಲ್ಲಿ ಈ ರೋಗ ಕಂಡು ಕಂಡು ಬೇಸತ್ತಿದ್ದೇನೆ. ದೊರೆ, ನಾಡು, ಜನ ಮೂರನ್ನೂ ಒಂದೇ ಮಾಡಿಬಿಡುತ್ತಾರೆ. ಚೀನೀ ತತ್ತ್ವಜ್ಞಾನಿ ಮೆನ್ಸಿಯಸ್ ಅವನ್ನು ಬೇರೆಬೇರೆ ಇಟ್ಟ: ಜನ ಮೊದಲು, ಪೂಜಾಪೀಠ ಆಮೇಲೆ, ದೊರೆ ಎಲ್ಲರಿಗಿಂತ ಹಗುರ. ಹೊತ್ತುಹೊತ್ತಿಗೆ ಬಲಿ ಸಲ್ಲಿಸಿಯೂ ಬರ, ನೆರೆ ಬಂದರೆ ಪೀಠಗಳನ್ನೇ ಬದಲಿಸಿ ಎಂದವನು ಅವನು. ಕನ್ಫ್ಯೂಷಿಯಸ್ ತನ್ನ ಹುಟ್ಟುನಾಡಾದ ಲೂ ರಾಜ್ಯ ಬಿಟ್ಟು ವರ್ಷಗಟ್ಟಲೆ ಬೇರೆ ದೊರೆಗಳ ಆಸ್ಥಾನ ಸುತ್ತಿದ. ಚೂ ರಾಜ್ಯದ ಕವಿ ಕ್ಯು ಯುವಾನ್ ಹಾಗೆ ಹೋಗದೆ ಮೀಲುವೋ ನದಿಗೆ ಹಾರಿದ್ದು ಇತಿಹಾಸಕಾರ ಸೀಮಾ ಛಿಯೆನ್‌ಗೂ ಸೋಜಿಗ: ಇಂಥ ಪ್ರತಿಭೆಯವನನ್ನು ಯಾವ ರಾಜ್ಯ ತಾನೇ ಬರಮಾಡಿಕೊಳ್ಳುತ್ತಿರಲಿಲ್ಲ?

ಬಾಗಿಲ ಮುಂದಿನ ಕಾಯುವಿಕೆಯನ್ನು ಚೆನ್ನಾಗಿ ಬರೆದಿದ್ದೀಯ, ಓದಿ ಖುಷಿಯಾಯಿತು. ಅದಕ್ಕೇ ಇಷ್ಟು ಸಿಟ್ಟು.

ಇನ್ನೊಂದು. ಚೀ ಆಸ್ಥಾನದ ಇತಿಹಾಸಕಾರನನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೀಯ. 'ಚ್ವೇ ಝು ತನ್ನ ದೊರೆಯನ್ನು ಕೊಂದ' ಎಂದು ಬರೆದದ್ದಕ್ಕೆ ಅವನ ತಲೆ ಹೋಯಿತು. ತಮ್ಮ ಅದನ್ನೇ ಬರೆದು ಸತ್ತ, ಇನ್ನೊಬ್ಬ ತಮ್ಮನೂ ಸತ್ತ. ಮತ್ತೊಬ್ಬ ಬರೆದಾಗ ಚ್ವೇ ಝು ಕೈಬಿಟ್ಟ. ಎಲ್ಲರೂ ಸತ್ತರೆಂದು ಕೇಳಿ ದಕ್ಷಿಣದ ಇತಿಹಾಸಕಾರ ಬರೆಯುವ ಬಿದಿರಪಟ್ಟಿ ಹಿಡಿದು ಹೊರಟಿದ್ದ. ದಾಖಲಾಯಿತೆಂದು ತಿಳಿದು ಹಿಂದಿರುಗಿದ. ದೊರೆ ಲಂಪಟನೆಂಬುದು ಇವರಿಗೆ ಗೊತ್ತಿಲ್ಲದ್ದೇನಲ್ಲ. ಇದಕ್ಕೊಂದು ಇಡೀ ಅಧ್ಯಾಯ ಕೊಡು. ನಾಲ್ಕು ಸಲವೂ ಅದೇ ವಾಕ್ಯ ಬರಲಿ, ಒಂದಕ್ಷರ ಬದಲಾಗಕೂಡದು. ಅವರಿಗೂ ಭಾಷಣ ಬೇಡ. ಬರೆದು ಕಳಿಸು, ಕಾಯುತ್ತಿರುತ್ತೇನೆ.